ಮೋಡದೊಳಗಿನ ಮೂರನೆಯ ಗಂಟು

ಬಣಕಲ್
೧೨ ಮೇ ೨೦೨೪

ನನ್ನ ಮುದ್ದು ರಂಜಿತಾಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಕೇಳಿದರೆ ನೀನು ಮಾತು ಹಾರಿಸುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅರ್ಧಕ್ಕೆ ಮಡಚಿಡಬೇಡ, ಪೂರ್ತಿ ಓದು.

ಜನವರಿಯಲ್ಲಿ ನೀನು ಕಳಿಸಿದ ಮೋಡದ ಚಿತ್ರವನ್ನು ಗೋಡೆಗೆ ಅಂಟಿಸಿದ್ದೆ. ನಕ್ಷತ್ರಗಳ ನಡುವೆ ಇರುವ ಅನಿಲ, ಧೂಳಿನ ಮೋಡ ಅದು. ಒಳಗೆಲ್ಲ ಎಳೆ ಎಳೆ. ವಿಪರೀತ ತಣ್ಣಗಿರುವ ಕಡೆ ಅನಿಲ ತನ್ನ ಭಾರಕ್ಕೆ ತಾನೇ ಕುಸಿದು ಗಂಟಾಗುತ್ತದೆ, ಆ ಗಂಟೇ ಮುಂದೆ ನಕ್ಷತ್ರವಾಗುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಆ ಚಿತ್ರದಲ್ಲಿ ಎರಡು ಗಂಟಿದ್ದವು. ಡಾಕ್ಟರೇಟ್ ಪ್ರಬಂಧಕ್ಕೆ ಹೋಗುವುದು ಇದೇ ಎಂದು ಮೊನ್ನೆ ಕಳಿಸಿದ ಅದೇ ಮೋಡದ ಚಿತ್ರದಲ್ಲಿ ಮೂರಿವೆ. ಒಂದು ಗಂಟು ಕಟ್ಟಲು ಲಕ್ಷಗಟ್ಟಲೆ ವರ್ಷ ಬೇಕು ಅಂದವಳು ನೀನು. ನಾಲ್ಕು ತಿಂಗಳಲ್ಲಿ ಇದು ಎಲ್ಲಿಂದ ಬಂತು ಮಾರಾಯ್ತಿ?

ಇನ್ನೂ ದೊಡ್ಡ ದೂರದರ್ಶಕದಲ್ಲಿ ಕಂಡಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಮೂರನೆಯ ಗಂಟು ಮೊದಲನೆಯದರ ಪಡಿಯಚ್ಚು, ಬುಡದ ಸೊಟ್ಟ ಬಾಲದ ಸಮೇತ. ಚಿಕ್ಕಮಗಳೂರಿನಲ್ಲಿದ್ದಾಗ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೊರ ಹಿಡಿದು ಕೆಟ್ಟ ಕಪ್ಪು ಬೀಜ ಆರಿಸಿ ತೆಗೆದವಳು ನಾನು. ನಡುವಿನ ಗೀರು ಒಂದೇ ಥರ ಇರುವ ಎರಡು ಬೀಜ ನನಗೆ ಒಂದು ದಿನವೂ ಸಿಕ್ಕಿಲ್ಲ. ನಿನ್ನ ಮೋಡದಲ್ಲಿ ಮಾತ್ರ ಸಿಗುತ್ತದೆಯೋ?

ಮೊನ್ನೆ ಫೋನಿನಲ್ಲಿ ಇದನ್ನು ಕೇಳಿದರೆ ನೀನು, ಅಲ್ಲಿ ಮಳೆ ಶುರುವಾಯ್ತೇನಮ್ಮಾ ಅಂದೆ. ಹೆತ್ತವಳಿಗೆ ಅಷ್ಟು ತಿಳಿಯುವುದಿಲ್ಲವೇ?

ಪ್ರಬಂಧ ನೋಡುವವರಿಗೆ ಗೊತ್ತಾದರೆ ನಿನ್ನ ಆರು ವರ್ಷದ ಓದು ಮಣ್ಣುಪಾಲು, ಹೆಸರೂ ಹೋಯಿತು. ಗೊತ್ತಾಗದಿದ್ದರೆ ಇನ್ನೂ ಕಷ್ಟ. ತಿಂಗಳ ಕೊನೆಗೆ ಒಪ್ಪಿಸುವ ಮೊದಲು ನಿಮ್ಮ ಗೈಡ್ ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ಎರಡೇ ಗಂಟಿದ್ದರೆ ಎರಡೇ ಇರಲಿ. ನನ್ನ ಅನುಮಾನ ಸುಳ್ಳಾದರೆ ಬೈದು ಬರೆ, ಸಂತೋಷದಿಂದ ಬೈಸಿಕೊಳ್ಳುತ್ತೇನೆ.

ನಿನ್ನ ಅಮ್ಮ,
ಪ್ರೇಮಲತಾ

ಬರೆಯಲೋ ಬೇಡವೋ ಅಂತ ಬಿಟ್ಟಿದ್ದ ಮಾತು: ನೀನು ಮೂರನೇ ಕ್ಲಾಸಿನಲ್ಲಿದ್ದಾಗ, ನನ್ನ ಪಕ್ಕ ಕೂತು ಬೀಜ ಆರಿಸುತ್ತಿದ್ದ ದ್ಯಾವಮ್ಮನನ್ನು ಮೇಸ್ತ್ರಿ ಕೆಲಸದಿಂದ ತೆಗೆದ. ಅವಳು ಆರಿಸಿಟ್ಟ ರಾಶಿಯಲ್ಲಿ ಕಪ್ಪು ಬೀಜ ಸಿಕ್ಕಿತ್ತು. ಅವು ನನ್ನ ಮೊರದವು, ಅವಳು ನೀರು ಕುಡಿಯಲು ಎದ್ದಾಗ ನಾನೇ ಅವಳ ರಾಶಿಗೆ ಸರಿಸಿದ್ದು. ನಿನ್ನೆ ಬಸ್ಸು ಹತ್ತಿ ಅವಳ ಮನೆಗೆ ಹೋಗಿ ಇದನ್ನು ಹೇಳಿದೆ. ಒಳಗೆ ಬಾ ಅನ್ನಲಿಲ್ಲ.