ಜೋಡಿ ಲೆನ್ಸಿಗೆ ಮೂರನೆಯ ರಿಂಗ್

ರೀ,

ಪೀಣ್ಯದ ಬಸ್ಸಿಗೆ ಹೊತ್ತಾಯಿತು, ಮೊದಲ ಶಿಫ್ಟು. ನಿಮ್ಮನ್ನು ಎಬ್ಬಿಸಲಿಲ್ಲ. ರೊಟ್ಟಿ ಡಬ್ಬಿಯಲ್ಲಿದೆ. ಹಾಲು ಕಾಯಿಸಿಲ್ಲ, ಒಡೆಯುವುದರೊಳಗೆ ಕಾಯಿಸಿ.

ಒಂದೇ ಸಲಕ್ಕೆ ಎರಡು ಚಿತ್ರ ತೆಗೆಯುವ ನಿಮ್ಮ ಆ ಹಳೇ ಜೋಡಿ ಲೆನ್ಸನ್ನು ಕ್ಯಾಮೆರಾಗೆ ಕೂರಿಸುವ ರಿಂಗ್ ಕನ್ನಡಿ ಮುಂದೆ ಇಟ್ಟಿದ್ದೇನೆ. ಇದು ಮೂರನೆಯದು. ಮೂರೂ ಊಟದ ಬಿಡುವಿನಲ್ಲಿ ಲೇತ್ ಮುಂದೆ ನಿಂತು ಮಾಡಿದ್ದು. "ಏನಮ್ಮಾ ಭಾಗ್ಯಾ, ಮನೇಲಿ ಕ್ಯಾಮೆರಾ ಫ್ಯಾಕ್ಟರಿ ಇಟ್ಟಿದ್ದೀಯಾ?" ಎಂದು ಸೂಪರ್‌ವೈಸರ್ ಕೇಳಿದ್ದೂ ಆಯಿತು. ನಾಲ್ಕನೆಯದು ಕೇಳಬೇಡಿ, ಸಾಕಾಗಿದೆ ನನಗೆ.

ಲೆನ್ಸ್ ಒಂದು ಕಂಪನಿಯದು, ಕ್ಯಾಮೆರಾ ಇನ್ನೊಂದರದು. ಈಗ ಕೂರುವುದೇನೋ ಕೂರುತ್ತದೆ. ಆದರೆ ರಿಂಗಿನ ತಿರುಪಿನ ಥ್ರೆಡ್ ಎಲ್ಲಿಂದ ಶುರುವಾಗಬೇಕೆಂದು ನಾನು ಗುರುತು ಹಾಕಿಕೊಂಡಿರಲಿಲ್ಲ. ಪೂರ್ತಿ ಬಿಗಿದಾಗ ಲೆನ್ಸಿನ ಎರಡೂ ಗಾಜು ಸಮ ನಿಲ್ಲದೆ ಒಂದು ಮೇಲೆ, ಒಂದು ಕೆಳಗೆ ಆಯಿತು. ನಡುವೆ ತೆಳು ಹಿತ್ತಾಳೆ ತಗಡು ಕೊಟ್ಟು ಮಟ್ಟ ಮಾಡಿದ್ದೇನೆ. ಅದನ್ನು ತೆಗೆಯಬೇಡಿ.

ತಗಡಿನಷ್ಟು ಲೆನ್ಸ್ ಮುಂದೆ ಬಂದಿದ್ದರಿಂದ ದೂರದ್ದೆಲ್ಲ ಮಸುಕು. ಭಾನುವಾರ ಬಂತೆಂದರೆ ಬೈಕ್ ಹತ್ತಿ ಓಡುತ್ತೀರಲ್ಲ, ಆ ಶಿವಗಂಗೆ ಬೆಟ್ಟ ಇದರಲ್ಲಿ ಬರುವುದಿಲ್ಲ. ಫಿಲ್ಮ್ ಕೂರುವ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಹಿಡಿದು ನೋಡಿದೆ, ಆರೇಳು ಅಡಿಯೊಳಗೆ ಕೂತವರು ಮಾತ್ರ ಚೊಕ್ಕ ಕಾಣುತ್ತಾರೆ. ಕ್ಯಾಮೆರಾ ಕಿಂಡಿಯನ್ನು ನಂಬಬೇಡಿ, ಅದು ಲೆನ್ಸಿನ ಮೂಲಕ ನೋಡುವುದಿಲ್ಲ; ಟೇಪ್ ಹಿಡಿದು ಅಳೆಯಿರಿ.

ಬೇಕೆಂದು ಮಾಡಿದ್ದಲ್ಲ. ಆದರೆ ಸರಿ ಮಾಡುವುದೂ ಇಲ್ಲ.

ಈ ಭಾನುವಾರ ನನಗೂ ರಜೆ. ನನ್ನ ಇಳಕಲ್ ಸೀರೆ ಮಾಕಳಿ ಗೇಟಿನ ಇಸ್ತ್ರಿಯವನಿಗೆ ಕೊಟ್ಟು ಬನ್ನಿ.

ಭಾಗ್ಯಾ