ಬಟ್ಟೆಗುಡ್ಡದ ಬುಡದಿಂದ ಬಂದ ಹಸಿರು ಸೀರೆ

ಇಸವಿ ೨೧೯೪, ಎರಡನೆಯ ಬೇಸಿಗೆಯ ನಡುಭಾಗ
ತುಂಗಭದ್ರೆಯ ಕೆಳಬಯಲು

ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿರುವ ಹಿಂದಿನ ಕಾಲದವರಿಗೆ ಹುಲಿಗೆವ್ವ ಬರೆಯುವುದು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗೆ ಮಳೆಗಾಲವಾಗಿದ್ದ ತಿಂಗಳುಗಳನ್ನು ನಾವು ಎರಡನೆಯ ಬೇಸಿಗೆ ಎನ್ನುತ್ತೇವೆ. ನೀವು ಪಾಲಿಯೆಸ್ಟರ್ ಎನ್ನುವುದು ನಮಗೆ ಕರಗುಬಟ್ಟೆ. ಎಳೆ ಕಿತ್ತು ಬೆಂಕಿಗೆ ಹಿಡಿದರೆ ಕರಗಿ ಮಣಿಯಾಗುತ್ತದೆ. ಸುಟ್ಟು ಬೂದಿಯಾಗುವುದು ನೂಲುಬಟ್ಟೆ, ಅಂದರೆ ನಿಮ್ಮ ಹತ್ತಿಯದು. ಹತ್ತಿ ಈಗ ನಮ್ಮ ನೆಲದಲ್ಲಿ ಬೆಳೆಯುವುದಿಲ್ಲ.

ನಾವು ತೊಡುವುದೆಲ್ಲ ನೀವು ಎಸೆದದ್ದನ್ನೇ. ಊರಿನ ಪಡುವಣಕ್ಕೆ ಬಟ್ಟೆಗುಡ್ಡವಿದೆ. ನಿಮ್ಮ ಕಾಲದ ಹಳೆ ಉಡುಪು, ಕಾರ್ಖಾನೆಗಳ ಚಿಂದಿ ತಂದು ಸುರಿದು, ಮೇಲೆ ಮಣ್ಣೆಳೆದ ಗುಡ್ಡ. ಬೆಳಗಿನ ತಂಪಿನಲ್ಲಿ ಹೆಂಗಸರು ಕೊಕ್ಕೆ ಹಿಡಿದು ಹೋಗಿ ಅಗೆದು ತರುತ್ತೇವೆ. ಒದರಿ, ಬೂದಿನೀರಿನಲ್ಲಿ ನೆನೆಸಿ, ಒಣಗಿಸಿ ಮನೆಯಲ್ಲೇ ಹೊಲಿಯುತ್ತೇವೆ. ಸಿಗುವುದು ಬಹುಪಾಲು ಕರಗುಬಟ್ಟೆ. ಎರಡನ್ನೂ ಬೆರೆಸಿ ನೇಯ್ದದ್ದರಲ್ಲಿ ಹತ್ತಿ ಕೊಳೆತುಹೋಗಿ, ಉಳಿದದ್ದು ಮೀನುಬಲೆಯಂತೆ ಕೈಗೆ ಬರುತ್ತದೆ. ಅದರಲ್ಲಿ ಹೊಲಿಗೆ ನಿಲ್ಲುವುದಿಲ್ಲ. ಅಪ್ಪಟ ನೂಲುಬಟ್ಟೆ ಉಳಿದಿರುವುದು ಗುಡ್ಡದ ಬುಡದಲ್ಲಿ, ಗಾಳಿಯಾಡದಂತೆ ಬಿಗಿದ ಪ್ಲಾಸ್ಟಿಕ್ ಚೀಲಗಳೊಳಗೆ ಮಾತ್ರ. ಬುಡ ಅಗೆದರೆ ಮೇಲಿನದು ಕುಸಿಯುತ್ತದೆಂದು ಹೋದ ವರ್ಷದವರೆಗೆ ಯಾರೂ ಅಲ್ಲಿ ಕೊಕ್ಕೆ ಹಾಕುತ್ತಿರಲಿಲ್ಲ.

ಹೋದ ವರ್ಷ ನನಗೆ ಹೆಣ್ಣುಮಗು ಹುಟ್ಟಿತು. ಕರಗುಬಟ್ಟೆ ಬೆವರು ಹೀರುವುದಿಲ್ಲ. ಸೆಕೆಗೆ ಮಗುವಿನ ಕತ್ತು, ಕಂಕುಳು, ತೊಡೆಸಂದಿ ಬೆಂದು ಚರ್ಮ ಸುಲಿಯಿತು. ಬರಿಮೈಯಲ್ಲಿ ಬಿಟ್ಟರೆ ಧೂಳು ಕೂತು ಕೀವಾಯಿತು. ಅಳಲೂ ತ್ರಾಣವಿಲ್ಲದೆ ಮಲಗಿದ್ದ ಮಗುವನ್ನು ನನ್ನ ನಾದಿನಿ ಪಂಪಾವತಿ ನೋಡುತ್ತ ನಿಂತಳು. ಮದುವೆಯಾಗದ ಹುಡುಗಿ, ಕಡಿಮೆ ಮಾತಿನವಳು. "ಅತ್ತಿಗಿ, ಬುಡದಾಗ ಒಂದ್ಸಲ ನೋಡಿ ಬರ್ತೀನಿ" ಎಂದಳು.

"ಬ್ಯಾಡ ಪಂಪಿ, ಗುಡ್ಡ ಮ್ಯಾಲೆ ಬೀಳ್ತೈತಿ" ಎಂದೆ.

"ಕೂಸು ಹಿಂಗ ಬಿದ್ದಿರೋದು ನೋಡಾಕಾಗವಲ್ದು" ಎಂದು ಕೊಕ್ಕೆ ತೆಗೆದುಕೊಂಡು ನಡೆದಳು.

ಮಧ್ಯಾಹ್ನದೊಳಗೆ ಗುಡ್ಡ ಕುಸಿಯಿತು. ಊರೆಲ್ಲ ಸೇರಿ ಎಳೆದರೂ ಅವಳು ಸಿಕ್ಕಿದ್ದು ಸಂಜೆಗೆ. ಬಟ್ಟೆಯಡಿ ಹೂತು ಉಸಿರು ಕಟ್ಟಿತ್ತು. ಮೈಮೇಲೆ ಗಾಯವೇ ಇರಲಿಲ್ಲ. ಎದೆಗೆ ಅವಚಿಕೊಂಡಿದ್ದ ಚೀಲದೊಳಗೆ ಮಡಿಕೆ ಬಿಚ್ಚದ ಸೀರೆಯಿತ್ತು. ಹಸಿರು ಒಡಲು, ಕೆಂಪು ಅಂಚು. ಅವಳ ತಾಯಿ, ನನ್ನ ಅತ್ತೆ ಗುರುಬಸವ್ವ, ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ಬೂದಿಯಾಯಿತು.

"ಜೀವ ಕೊಟ್ಟು ತಂದಾಳ, ಅಕಿಗೇ ಉಡಿಸಿ ಕಳಸ್ರಿ" ಎಂದರು ನೆರೆಯವರು. ನನಗೂ ಅದೇ ಸರಿಯೆನಿಸಿತು. ಮಗಳ ತಲೆಯ ಬಳಿ ಕೂತಿದ್ದ ಅತ್ತೆ ಕತ್ತರಿ ಕೇಳಿದರು. ನಾನು ಏಳಲಿಲ್ಲ. ತಾವೇ ಎದ್ದು ತಂದರು.

"ಮಣ್ಣಿಗೆ ಹಾಕಾಕ ತಂದಿಲ್ಲ ಅಕಿ. ಕೂಸಿಗೆ ತಂದಾಳ" ಎನ್ನುತ್ತ ಸೀರೆಯನ್ನು ನಡುವೆ ಕತ್ತರಿಸಿದರು. ಪಂಪಾವತಿಯನ್ನು ಬೆರಕೆ ಬಟ್ಟೆಯಲ್ಲಿ, ಬದುಕಿದವರ ಉಪಯೋಗಕ್ಕೆ ಬಾರದ ಆ ಬಲೆಯಲ್ಲಿ, ಸುತ್ತಿ ಹೂತೆವು.

ಅಂಗಿಗಳನ್ನು ನಾನೇ ಹೊಲಿದೆ, ಹೊಲಿಗೆಯ ಗೆರೆ ಹುಣ್ಣಿಗೆ ತಾಗದಂತೆ ಹೊರಗೆ ಮಡಿಚಿ. ಮಗುವಿನ ಮೈ ಮೆಲ್ಲಗೆ ಮಾಯಿತು. ಆ ಅಂಗಿ ತೊಟ್ಟ ಮಗುವನ್ನು ಅತ್ತೆ ಈವರೆಗೂ ಎತ್ತಿಕೊಂಡಿಲ್ಲ. ಮೈ ಒರೆಸಲು ಅಂಗಿ ಬಿಚ್ಚಿದಾಗ ಮಾತ್ರ ಕಾಲ ಮೇಲೆ ಹಾಕಿಕೊಳ್ಳುತ್ತಾರೆ, ಏನೇನೋ ಮಾತಾಡಿಸುತ್ತಾರೆ, ಬಟ್ಟೆ ತೊಡಿಸುವ ಹೊತ್ತಿಗೆ ನನ್ನ ಕೈಗೆ ಕೊಟ್ಟು ಹೊರಗೆ ಹೋಗುತ್ತಾರೆ.

ನಿಮ್ಮಲ್ಲಿ ಕೆಲವರು ಭೂಮಿಗೆ ಭಾರವಾಗದ ಬಟ್ಟೆ ಹುಡುಕಿ, ಹಳೆಯದನ್ನೇ ಮತ್ತೆ ಹೊಲಿಯುತ್ತಿದ್ದರೆಂದು ಕೇಳಿದ್ದೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಕೊಳ್ಳುವ ಮುನ್ನ ಎಳೆ ಯಾವುದೆಂದು ಕೇಳಿ. ಬೆರಕೆಯದನ್ನು ಮನೆಗೆ ತರಬೇಡಿ. ಅದನ್ನು ಬಿಡಿಸಿ ಬೇರೆ ಮಾಡುವ ದಾರಿ ನಮಗೂ ಸಿಕ್ಕಿಲ್ಲ. ಸೀರೆ ಹರಿದರೆ ಕೂಸಿಗೆ ಅಂಗಿ ಮಾಡಿ, ಅಂಗಿ ಹರಿದರೆ ಕೌದಿಗೆ ಹಾಕಿ, ಕೊನೆಗೆ ನೆಲ ಒರೆಸಿ. ಪೂರ್ತಿ ಸವೆಯುವವರೆಗೆ ಅದು ನಿಮ್ಮ ಮನೆಯಲ್ಲೇ ಇರಲಿ.

ಹಸಿರು ಸೀರೆಯ ಸುದ್ದಿ ಕೇಳಿದ ಮೇಲೆ, ಬಸುರಿಯರಿರುವ ಮನೆಗಳವರು ಒಬ್ಬೊಬ್ಬರಾಗಿ ಗುಡ್ಡದ ಬುಡಕ್ಕೆ ಹೋಗತೊಡಗಿದ್ದಾರೆ. ಬೇಡವೆನ್ನಲು ನನಗೆ ಬಾಯಿಲ್ಲ. ನನ್ನ ಮಗು ಬದುಕಿದೆ.