ಅಮ್ಮನಿಗೆ ಎಂಟು ತಿಂಗಳು

ನುನಾವುತ್, ಉತ್ತರ ಕೆನಡಾ
ಸೋಮವಾರ

ಡಾಕ್ಟರ್ ಪ್ರೆಸ್ಕಾಟ್ ಅವರಿಗೆ,

ಸಂಜೆ ಐದು ಗಂಟೆ. ದಿನವೆಲ್ಲ ಹಿಮಗಾಳಿ ಬೀಸಿತು, ನಾನು ಕೆಲಸ ಮಾಡುವ ಆರೋಗ್ಯ ಕೇಂದ್ರಕ್ಕೆ ಯಾರೂ ಬರಲಿಲ್ಲ. ಇಮೇಲಿನಲ್ಲಿ ನಿಮ್ಮ ಕಚೇರಿಯ ಉತ್ತರ ಮಾತ್ರ ಬಂತು.

ಆರೋಗ್ಯ ಸಮಾನತೆಯ ಸಂಶೋಧನೆಗೆ ಎರಡು ವರ್ಷದ ತರಬೇತಿ, ನನ್ನನ್ನೇ ನಂಬಿಕೊಂಡ ಮನೆಯವರ ಖರ್ಚೂ ನಿಮ್ಮದೇ ಎಂದಿದ್ದಿರಿ. ಅರ್ಜಿಯಲ್ಲಿ ಅವಲಂಬಿತರ ಪಟ್ಟಿಯಲ್ಲಿ ನಾನು 'ತಾಯಿ, ಎಂಟು ತಿಂಗಳು' ಎಂದು ಬರೆದದ್ದು ಕೈತಪ್ಪಿ ಅಲ್ಲ. ಕಳೆದ ಚಳಿಗಾಲ ಅಮ್ಮ ಕ್ಷಯದಿಂದ, ಆಸ್ಪತ್ರೆಯ ವಿಮಾನಕ್ಕೆ ಕಾಯುತ್ತಲೇ ತೀರಿಕೊಂಡಳು. ಆಮೇಲೆ ಹುಟ್ಟಿದ ತಮ್ಮನ ಮಗುವಿಗೆ ಅವಳ ಹೆಸರಿಟ್ಟೆವು. ನಮ್ಮ ಜನರಲ್ಲಿ ತೀರಿಕೊಂಡ ಅಮ್ಮನ ಹೆಸರು ಪಡೆದವಳು ಅಮ್ಮನೇ ಆಗುತ್ತಾಳೆ. ಹಾಗೆಯೇ ಕರೆದು ನಾನೇ ಸಾಕುತ್ತಿದ್ದೇನೆ. ದತ್ತುಪತ್ರ ಇಲ್ಲವೆಂದು ನೀವು ಅವಳನ್ನು ಪಟ್ಟಿಯಿಂದ ತೆಗೆದುಹಾಕಿ, ನನ್ನೊಬ್ಬಳಿಗೆ ಟಿಕೆಟ್ ಕಳಿಸಿದ್ದೀರಿ.

ಮನೆಗೆ ಬಂದು ಇದನ್ನು ಹೇಳಿದಾಗ ಚಿಕ್ಕಮ್ಮ ಆಲಾ ಸೀಲ್ ಮಾಂಸ ಕೊಯ್ಯುತ್ತ ನಕ್ಕಳು. "ಅಷ್ಟ್ ದೂರ ಹೋಗಿ ಏನ್ ಕಲೀತೀಯೇ? ನಾವ್ ಯಾಕ್ ಸಾಯ್ತೀವಿ ಅಂತಾನಾ? ನನ್ನ ಕೇಳು, ಪುಕ್ಕಟೆ ಹೇಳ್ತೀನಿ."

"ಅವ್ರು ಸರ್ಟಿಫಿಕೇಟ್ ಕೊಡ್ತಾರೆ ಚಿಕ್ಕಮ್ಮ."

"ಕೊಡ್ಲಿ. ನಿಮ್ಮಮ್ಮನ್ನ ಯಾರ್ ಎತ್ಕೋತಾರೆ?"

ದಯವಿಟ್ಟು ಆ ಜಾಗವನ್ನು ಇಲ್ಲಿಯ ಬೇರೊಬ್ಬರಿಗೆ ಕೊಡಿ. ಅವರ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಮೊದಲೇ ಕೇಳಿಕೊಳ್ಳಿ.

ನಾಳೆಯ ವಿಮಾನದಲ್ಲಿ ನನ್ನ ಸೀಟು ಖಾಲಿ ಹೋಗುತ್ತದೆ.

ಇಂತಿ,
ಉಲಾಯು